ಜಂಟಿ ವಕಾಲತ್ತು: ವಕೀಲರ ಶುಲ್ಕದ ಹೊಣೆ ಯಾರ ಮೇಲೆ?

ಶಿಡ್ಲಘಟ್ಟದ ರೀಲರುಗಳಾಗಲಿ, ಚಿಂತಾಮಣಿಯ ಮಂಡಿ ವರ್ತಕರಾಗಲಿ, ಚಿಕ್ಕಬಳ್ಳಾಪುರದ ಹೂವು–ತರಕಾರಿ ವ್ಯಾಪಾರಿಗಳಾಗಲಿ, ಗೌರಿಬಿದನೂರಿನ ಸಣ್ಣ ಉದ್ದಿಮೆದಾರರಾಗಲಿ, ಹಲವರಿಗೆ ಒಂದೇ ಬಗೆಯ ವ್ಯಾಜ್ಯ ಎದುರಾದಾಗ ಸೇರಿ ಒಬ್ಬ ವಕೀಲರನ್ನು ನೇಮಿಸಿಕೊಳ್ಳುವುದು ಸಹಜ. ಖರ್ಚು ಹಂಚಿಹೋಗುತ್ತದೆಂಬ ನಿರೀಕ್ಷೆ ತಪ್ಪಲ್ಲ. ಆದರೆ ಎದುರಾಳಿಯಿಂದ ನ್ಯಾಯಾಲಯ ಕೊಡಿಸುವ ಖರ್ಚು ಬೇರೆ, ವಕೀಲರಿಗೆ ಕಕ್ಷಿದಾರರು ಸಲ್ಲಿಸಬೇಕಾದ ಶುಲ್ಕ ಬೇರೆ. ಇವೆರಡನ್ನೂ ಒಂದೆಂದು ಭಾವಿಸಿದವರಿಗೆ ನಷ್ಟ ತಪ್ಪದು.

ನ್ಯಾಯಾಲಯ ಕೊಡಿಸುವ ಖರ್ಚು

1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 35ನೇ ಕಲಂ ಪ್ರಕಾರ ದಾವೆಯ ಖರ್ಚು ನ್ಯಾಯಾಲಯದ ವಿವೇಚನೆಗೆ ಸೇರಿದ್ದು. ಸಾಮಾನ್ಯವಾಗಿ ಸೋತವರು ಗೆದ್ದವರಿಗೆ ತೆರಬೇಕು. ಆದರೆ ಸಾಮಾನ್ಯ ದಾವೆಗಳಲ್ಲಿ ವಕೀಲರ ಶುಲ್ಕವನ್ನು ನಿಯಮಗಳ ದರಪಟ್ಟಿಯಂತೆ ಲೆಕ್ಕಹಾಕಲಾಗುತ್ತದೆಯೇ ಹೊರತು ಕಕ್ಷಿದಾರರು ನಿಜವಾಗಿ ಕೊಟ್ಟ ಮೊತ್ತದಂತೆ ಅಲ್ಲ. ದೆಹಲಿ ಉಚ್ಚ ನ್ಯಾಯಾಲಯವು ಒಂದು ಪ್ರಕರಣದಲ್ಲಿ ಕೊಡಿಸಿದ್ದ ಸುಮಾರು 45 ಲಕ್ಷ ರೂಪಾಯಿಗಳ ಖರ್ಚನ್ನು ಸರ್ವೋಚ್ಚ ನ್ಯಾಯಾಲಯವು 2011ರ ಸಂಜೀವ್ ಕುಮಾರ್ ಜೈನ್ ಪ್ರಕರಣದಲ್ಲಿ ಒಪ್ಪದೆ, ನಿಯಮಗಳ ಮಿತಿಗೆ ಇಳಿಸಿತು.

ಐವರು ಒಬ್ಬರೇ ವಕೀಲರ ಮೂಲಕ ಒಂದೇ ವಾದ ಮಂಡಿಸಿ ಗೆದ್ದರೆ, ಐದು ಪಟ್ಟು ಖರ್ಚು ಬರುವುದಿಲ್ಲ. ಸಾಮಾನ್ಯವಾಗಿ ಎಲ್ಲರಿಗೂ ಸೇರಿ ಒಂದೇ ಖರ್ಚು ದೊರೆಯುತ್ತದೆ. ಅವರವರ ಹಿತಾಸಕ್ತಿ ನಿಜಕ್ಕೂ ಬೇರೆಯಾಗಿದ್ದರೆ ಮಾತ್ರ ಪ್ರತ್ಯೇಕ ಖರ್ಚಿನ ಬೇಡಿಕೆಗೆ ಆಧಾರವಿರುತ್ತದೆ.

ವಾಣಿಜ್ಯ ವ್ಯಾಜ್ಯಗಳ ಸ್ಥಿತಿ ಬೇರೆ. 2015ರ ವಾಣಿಜ್ಯ ನ್ಯಾಯಾಲಯಗಳ ಅಧಿನಿಯಮವು ಇಂಥ ವ್ಯಾಜ್ಯಗಳಿಗಾಗಿ 35ನೇ ಕಲಮನ್ನು ಬದಲಿಸಿದೆ. ನ್ಯಾಯಸಮ್ಮತ ವಕೀಲರ ಶುಲ್ಕ, ಸಾಕ್ಷಿಗಳ ವೆಚ್ಚಗಳನ್ನು ಸೋತವರಿಂದ ಕೊಡಿಸಬಹುದು. ಪಕ್ಷಕಾರರ ನಡವಳಿಕೆಯನ್ನೂ, ರಾಜಿಯ ಸೂಕ್ತ ಪ್ರಸ್ತಾಪವನ್ನು ನಿರಾಕರಿಸಿದ್ದನ್ನೂ ನ್ಯಾಯಾಲಯ ಗಮನಿಸುತ್ತದೆ. 2018ರ ತಿದ್ದುಪಡಿಯಿಂದ 3 ಲಕ್ಷ ರೂಪಾಯಿ ಮೌಲ್ಯದ ವ್ಯಾಜ್ಯವೂ ಇದರ ವ್ಯಾಪ್ತಿಗೆ ಬಂದಿದೆ. ಆದ್ದರಿಂದ ಶುಲ್ಕದ ರಸೀದಿಗಳನ್ನು ಜೋಪಾನವಾಗಿ ಇಡುವುದು ಅಗತ್ಯ.

ಎಲ್ಲ ಉಳಿತಾಯವೂ ನಿಶ್ಚಿತವಲ್ಲ

ಸಾಲಗಾರ ಒಬ್ಬನೇ ಎಂಬ ಕಾರಣಕ್ಕೆ ಹಲವರು ಒಂದೇ ದಾವೆ ಹೂಡಲಾಗದು. ಒಂದೇ ವ್ಯವಹಾರ ಅಥವಾ ಸರಣಿ ವ್ಯವಹಾರದಿಂದ ಹಕ್ಕು ಹುಟ್ಟಿರಬೇಕು, ಸಮಾನ ಪ್ರಶ್ನೆಯೂ ಇರಬೇಕು. ರಿಟ್ ಅರ್ಜಿಯಲ್ಲೂ ಇದೇ ಎಚ್ಚರಿಕೆ ಬೇಕು. ಹರಿಯಾಣದ ಲಾರಿ ಮಾಲೀಕರು ತೆರಿಗೆ ಪ್ರಶ್ನಿಸಿ ಒಟ್ಟಾಗಿ ಬಂದಾಗ, ಪ್ರತಿಯೊಬ್ಬರ ತೆರಿಗೆ ಹೊಣೆ ಬೇರೆಯಾದ್ದರಿಂದ ಪ್ರತಿಯೊಬ್ಬರೂ ನ್ಯಾಯಾಲಯ ಶುಲ್ಕ ಕಟ್ಟಬೇಕೆಂದು ಸರ್ವೋಚ್ಚ ನ್ಯಾಯಾಲಯವು 1980ರ ಮೋತಾ ಸಿಂಗ್ ಪ್ರಕರಣದಲ್ಲಿ ಹೇಳಿತು.

ವಕೀಲರಿಗೆ ಸಲ್ಲಬೇಕಾದ ಶುಲ್ಕ

ಇದು ಕರಾರಿನ ವಿಷಯ. 1872ರ ಭಾರತೀಯ ಕರಾರು ಅಧಿನಿಯಮದ 43ನೇ ಕಲಂ ಪ್ರಕಾರ ಹಲವರು ಜಂಟಿಯಾಗಿ ಹಣ ಕೊಡಲು ಒಪ್ಪಿದರೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ ಅವರಲ್ಲಿ ಯಾರೊಬ್ಬರಿಂದಲಾದರೂ ಪೂರ್ತಿ ಮೊತ್ತ ಕೇಳಬಹುದು. ಉದಾಹರಣೆಗೆ, ಐವರು ಸೇರಿ 1 ಲಕ್ಷ ರೂಪಾಯಿ ಶುಲ್ಕಕ್ಕೆ ಒಪ್ಪಿದ್ದಾರೆ ಎನ್ನೋಣ. ಪೂರ್ತಿ ತೆತ್ತವನು ಉಳಿದ ನಾಲ್ವರಿಂದ ತಲಾ 20,000 ರೂಪಾಯಿ ವಸೂಲು ಮಾಡಬಹುದು. ಅವರಲ್ಲೊಬ್ಬ ಕೈಯೆತ್ತಿದರೆ ಅವನ ಪಾಲನ್ನು ಉಳಿದ ನಾಲ್ವರು ತಲಾ 5,000 ರೂಪಾಯಿಯಂತೆ ಹೊರಬೇಕು. ಪ್ರಾಮಾಣಿಕವಾಗಿ ಪಾಲು ಕೊಟ್ಟವನಿಗೂ ಹೊರೆ ಹೆಚ್ಚುವುದು ಹೀಗೆ.

ಗೆದ್ದ ಹಣದಲ್ಲಿ ಶೇಕಡಾವಾರು ಶುಲ್ಕದ ಒಪ್ಪಂದ ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯವು 2017ರ ಬಿ. ಸುನೀತಾ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಶುಲ್ಕ ಬಾಕಿಯೆಂದು ವಕೀಲರು ಕಕ್ಷಿದಾರರ ಕಡತವನ್ನು ತಡೆಹಿಡಿಯುವಂತಿಲ್ಲವೆಂಬುದು 2000ದ ಆರ್.ಡಿ. ಸಕ್ಸೇನಾ ತೀರ್ಪು. ಕಕ್ಷಿದಾರರೇ ತಮ್ಮೊಳಗೆ ಕಾದಾಡಿದರೆ, ಅದೇ ವ್ಯಾಜ್ಯದಲ್ಲಿ ಆ ವಕೀಲರು ಒಬ್ಬರ ಪರ ನಿಂತು ಮತ್ತೊಬ್ಬರ ವಿರುದ್ಧ ವಾದಿಸಲು ವಕೀಲರ ಪರಿಷತ್ತಿನ ನಿಯಮಗಳು ಅಡ್ಡಿ. ಆಗ ಹೊಸ ವಕೀಲರು, ಹೊಸ ಶುಲ್ಕ.

ವಕಾಲತ್ತಿಗೆ ಸಹಿ ಹಾಕುವ ಮೊದಲು

ಒಟ್ಟು ಶುಲ್ಕವೆಷ್ಟು, ಅದರಲ್ಲಿ ಮೇಲ್ಮನವಿಯೂ ಸೇರಿದೆಯೇ, ಪ್ರತಿಯೊಬ್ಬರ ಪಾಲೆಷ್ಟು, ಒಬ್ಬರು ಪಾಲು ಕೊಡದಿದ್ದರೆ ಉಳಿದವರ ಹೊಣೆ ಎಲ್ಲಿಯವರೆಗೆ, ನಡುವೆ ರಾಜಿಯಾಗಿ ಹೊರಹೋಗುವವರು ಏನು ಕೊಡಬೇಕು, ಬಂದ ಖರ್ಚಿನ ಹಂಚಿಕೆ ಹೇಗೆ ಎಂಬುದನ್ನು ಬರಹದಲ್ಲಿ ದಾಖಲಿಸಿ, ವಕೀಲರ ಹಾಗೂ ಎಲ್ಲರ ಸಹಿ ಪಡೆಯಬೇಕು. ತಮ್ಮ ಪಾಲಿಗಷ್ಟೇ ಹೊಣೆಯೆಂದು ಬಯಸುವವರು ಅದನ್ನು ಈ ಪತ್ರದಲ್ಲೇ ಬರೆಯಿಸಬೇಕು; ಸ್ನೇಹಿತರೊಳಗಿನ ಬಾಯಿಮಾತು ವಕೀಲರನ್ನು ಕಟ್ಟಿಹಾಕದು.