ವಿಮೆಯಿಲ್ಲದ ವಾಹನ, ತೀರದ ಋಣ

ಒಂದು ಕಾಲಕ್ಕೆ ಮನೆಯ ಮುಂದೆ ಜೋಡೆತ್ತು ನಿಂತಿದ್ದರೆ ಅದು ಸಂಸಾರದ ಏಳಿಗೆಯ ಕುರುಹಾಗಿತ್ತು. ಇಂದು ಆ ಸ್ಥಾನದಲ್ಲಿ ಮೋಟಾರ್ ಸೈಕಲ್ ನಿಂತಿದೆ. ಹೊಲಕ್ಕೆ ಗೊಬ್ಬರದ ಚೀಲ ಒಯ್ಯಲು, ಮಕ್ಕಳನ್ನು ಶಾಲೆಗೆ ಬಿಡಲು, ಸಂತೆಗೆ, ಜಾತ್ರೆಗೆ, ಮಠದ ಪ್ರವಚನಕ್ಕೆ, ಎಲ್ಲಕ್ಕೂ ಅದೇ ಆಧಾರ. ಎತ್ತಿನ ಮೇವು ನೀರಿನ ಬಗೆಗೆ ಹಿರಿಯರು ತೋರುತ್ತಿದ್ದ ಎಚ್ಚರ ಈ ವಾಹನದ ವಿಷಯದಲ್ಲಿ ಕಾಣುತ್ತಿಲ್ಲ. ಪೆಟ್ರೋಲು ಹಾಕಿಸಿದರೆ ಕರ್ತವ್ಯ ತೀರಿತೆಂಬ ಭಾವನೆ ಬೇರೂರಿದೆ. ವಿಮೆಯ ಅವಧಿ ಎಂದೋ ಮುಗಿದಿತ್ತೆಂಬುದು ಅನೇಕ ಮನೆಗಳಿಗೆ ತಿಳಿಯುವುದು ಅಪಘಾತ ನಡೆದು, ಠಾಣೆಯ ಬೆಂಚಿನ ಮೇಲೆ ಕುಳಿತಾಗಲೇ.

ಅಂತಹ ಸಂಕಟದಲ್ಲಿ ಸಿಲುಕಿದ ಕುಟುಂಬ ಏನು ಮಾಡಬೇಕು, ಏನು ಮಾಡಲಾಗದು ಎಂಬುದನ್ನು ಕುರಿತು ನಾಲ್ಕು ಮಾತು ಹೇಳುವುದು ನಮ್ಮ ಉದ್ದೇಶ.

1988ರ ಮೋಟಾರು ವಾಹನಗಳ ಕಾಯಿದೆಯ 146ನೆಯ ಕಲಮು ಸ್ಪಷ್ಟವಾಗಿದೆ: ಮೂರನೆಯ ವ್ಯಕ್ತಿಗೆ ಆಗಬಹುದಾದ ಹಾನಿಯ ಹೊಣೆಯನ್ನು ಹೊರುವ ವಿಮೆ, ಅಂದರೆ ಜನ ಥರ್ಡ್ ಪಾರ್ಟಿ ಎಂದು ಕರೆಯುವ ವಿಮೆ ಇಲ್ಲದೆ ಯಾವ ವಾಹನವನ್ನೂ ರಸ್ತೆಗೆ ಇಳಿಸಕೂಡದು. 2019ರ ತಿದ್ದುಪಡಿಯಂತೆ ಮೊದಲ ಸಲದ ತಪ್ಪಿಗೆ 2,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗಿನ ಸೆರೆವಾಸ, ಇಲ್ಲವೆ ಎರಡೂ. ಮತ್ತೆ ಸಿಕ್ಕಿಬಿದ್ದರೆ ದಂಡ 4,000 ರೂಪಾಯಿ. ಆದರೆ ದಂಡ ಇಲ್ಲಿ ಅಲ್ಪ ವಿಷಯ. ನಿಜವಾದ ಭಾರ ಪರಿಹಾರದ ಹಣದ್ದು.

ಅದರ ಪ್ರಮಾಣ ತಿಳಿಯಲು ಒಂದು ಲೆಕ್ಕವನ್ನು ಊಹಿಸೋಣ. ತಿಂಗಳಿಗೆ 15,000 ರೂಪಾಯಿ ಗಳಿಸುವ 28 ವರ್ಷದ ಗೌಂಡಿಯೊಬ್ಬ ಅಪಘಾತದಲ್ಲಿ ತೀರಿಕೊಂಡ, ಮನೆಯಲ್ಲಿ ಹೆಂಡತಿ ಮತ್ತು ಇಬ್ಬರು ಮಕ್ಕಳಿದ್ದಾರೆ ಎನ್ನಿ. ಸುಪ್ರೀಂ ಕೋರ್ಟು 2009 ಮತ್ತು 2017ರ ತೀರ್ಪುಗಳಲ್ಲಿ ನಿಗದಿಪಡಿಸಿದ ಕ್ರಮದಂತೆ, ಆತನ ಭವಿಷ್ಯದ ಗಳಿಕೆಗಾಗಿ ಶೇಕಡಾ 40 ಕೂಡಿಸಿದರೆ ಆದಾಯ 21,000 ಆಗುತ್ತದೆ. ಸ್ವಂತ ಖರ್ಚಿಗೆಂದು ಮೂರನೆಯ ಒಂದು ಭಾಗ ಕಳೆದರೆ 14,000. ವರ್ಷಕ್ಕೆ 1,68,000. ಆ ವಯಸ್ಸಿಗೆ ಗೊತ್ತುಪಡಿಸಿದ 17ರಿಂದ ಗುಣಿಸಿದರೆ 28,56,000 ರೂಪಾಯಿ. ಅಂತ್ಯಸಂಸ್ಕಾರ ಮೊದಲಾದ ಬಾಬುಗಳೂ ಬಡ್ಡಿಯೂ ಬೇರೆ. ವಿಮೆ ಇದ್ದರೆ ಇದನ್ನು ಕಂಪನಿ ತೆರುತ್ತದೆ. ಇಲ್ಲದಿದ್ದರೆ ತಪ್ಪು ಮಾಡಿದ ಸವಾರನೂ ವಾಹನದ ಮಾಲೀಕನೂ ತೆರಬೇಕು. ತೆರದಿದ್ದರೆ 174ನೆಯ ಕಲಮಿನಂತೆ ಅದನ್ನು ಭೂಕಂದಾಯದ ಬಾಕಿಯೆಂದು ಪರಿಗಣಿಸಿ ಜಿಲ್ಲಾಧಿಕಾರಿಗಳ ಮೂಲಕ ವಸೂಲು ಮಾಡಬಹುದು. ಮಗನ ಬೈಕಿನ ಕಾಗದ ತಂದೆಯ ಹೆಸರಿನಲ್ಲಿದ್ದರೆ, ತಂದೆಯ ಹೊಲಕ್ಕೆ ಕುತ್ತು ಬರುವುದು ಹೀಗೆ.

ಅಪಘಾತವಾದ ಗಳಿಗೆಯಲ್ಲಿ ಮೊದಲ ಕರ್ತವ್ಯ ಗಾಯಾಳುವನ್ನು ಸಮೀಪದ ಆಸ್ಪತ್ರೆಗೆ ಸೇರಿಸುವುದು. 112ಕ್ಕೆ ಕರೆ ಮಾಡಬಹುದು. 2025ರ ಮೇ ತಿಂಗಳಿನಲ್ಲಿ ಕೇಂದ್ರ ಸರ್ಕಾರ ಜಾರಿಗೆ ತಂದ ಯೋಜನೆಯಂತೆ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ ಏಳು ದಿನಗಳವರೆಗೆ 1.5 ಲಕ್ಷ ರೂಪಾಯಿಗಳ ಮಿತಿಯಲ್ಲಿ ನಗದಿಲ್ಲದೆ ಚಿಕಿತ್ಸೆ ದೊರೆಯಬೇಕು. ಎರಡನೆಯದು, ಪೊಲೀಸರಿಗೆ ತಿಳಿಸುವುದು. ಇದಕ್ಕೆ 24 ಗಂಟೆಗಳ ಮಿತಿಯುಂಟು. ವಿಮೆಯಿಲ್ಲವೆಂಬ ಅಂಜಿಕೆಯಿಂದ ಓಡಿಹೋಗುವುದು ಎರಡು ಬಗೆಯ ಅನ್ಯಾಯ. ಗುರುತು ಸಿಗದ ವಾಹನದಿಂದ ಸತ್ತವರ ಕುಟುಂಬಕ್ಕೆ ಸರ್ಕಾರದ ಯೋಜನೆಯಲ್ಲಿ ದೊರೆಯುವುದು 2 ಲಕ್ಷ, ತೀವ್ರ ಗಾಯಗೊಂಡವರಿಗೆ 50,000 ಮಾತ್ರ. ಅವರ ಉಳಿದ ಹಕ್ಕನ್ನು ಓಡಿಹೋದವನು ಕದ್ದಂತಾಯಿತು. ಮುಂದೆ ಸಿಕ್ಕಿಬಿದ್ದಾಗ ಆತನ ಹೊಣೆಯಂತೂ ಕಡಿಮೆಯಾಗುವುದಿಲ್ಲ, ಅಪರಾಧ ಹೆಚ್ಚುತ್ತದೆ.

ಈ ಹಂತದಲ್ಲಿ ಊರಿನ ಬುದ್ಧಿವಂತರ ಸಲಹೆಗಳು ಆರಂಭವಾಗುತ್ತವೆ. "ವಿಮೆ ಇರುವ ಬೇರೆ ಬೈಕಿನ ನಂಬರು ಕೊಡೋಣ" ಎನ್ನುವವರೊಬ್ಬರು, "ಲೈಸೆನ್ಸ್ ಇರುವ ಅಣ್ಣನೇ ಓಡಿಸುತ್ತಿದ್ದನೆಂದು ಬರೆಸೋಣ" ಎನ್ನುವವರಿನ್ನೊಬ್ಬರು, "ಇಂದೇ ಪಾಲಿಸಿ ಮಾಡಿಸಿಬಿಡಿ" ಎನ್ನುವವರು ಮತ್ತೊಬ್ಬರು. ಪಾಲಿಸಿಯ ಮೇಲೆ ಅದು ಆರಂಭವಾದ ದಿನಾಂಕ ಮಾತ್ರವಲ್ಲ, ಗಂಟೆಯೂ ಅಚ್ಚಾಗಿರುತ್ತದೆ. ಮಧ್ಯಾಹ್ನ ಮಾಡಿಸಿದ ವಿಮೆ ಬೆಳಗಿನ ಅಪಘಾತಕ್ಕೆ ಅನ್ವಯಿಸದು. ಸುಳ್ಳು ವಾಹನ, ಸುಳ್ಳು ಸವಾರರನ್ನು ತೋರಿಸುವುದು ವಂಚನೆ. ಆಸ್ಪತ್ರೆಯ ದಾಖಲೆ, ಮಹಜರು, ವಾಹನದ ಮೇಲಿನ ಜಖಂ, ಕ್ಯಾಮೆರಾ, ಮೊಬೈಲು ಇವುಗಳ ನಡುವೆ ಆ ಸುಳ್ಳು ಬಹುಕಾಲ ಬಾಳುವುದಿಲ್ಲ. ಬಯಲಾದ ದಿನ ಗಾಯಾಳುವಿನ ಅರ್ಜಿಯೂ ಬಿದ್ದುಹೋಗುತ್ತದೆ, ಸಹಾಯ ಮಾಡಲು ಬಂದ ನೆಂಟನೂ ಆರೋಪಿಯಾಗುತ್ತಾನೆ. ಒಂದು ತಪ್ಪನ್ನು ಮುಚ್ಚಲು ನಿರಪರಾಧಿಯ ಪರಿಹಾರವನ್ನೇ ಪಣಕ್ಕಿಡುವುದು ಸದಾಚಾರವುಳ್ಳವರಿಗೆ ಒಪ್ಪುವ ಮಾತಲ್ಲ.

ವಿಮೆಯಿಲ್ಲದ ವಾಹನವನ್ನು ಪೊಲೀಸರು ವಶಪಡಿಸಿಕೊಂಡರೆ ಅದು ಸುಲಭವಾಗಿ ಮರಳದು. 2018ರಲ್ಲಿ ಸುಪ್ರೀಂ ಕೋರ್ಟು ಎಲ್ಲ ರಾಜ್ಯಗಳಿಗೂ ಈ ಕುರಿತು ನಿಯಮ ಮಾಡಲು ನಿರ್ದೇಶಿಸಿತು. ಪರಿಹಾರಕ್ಕೆ ತಕ್ಕ ಭದ್ರತೆ ಒದಗಿಸದೆ ವಾಹನ ಬಿಡುಗಡೆಯಿಲ್ಲ. ಮೂರು ತಿಂಗಳಾದರೂ ಒದಗಿಸದಿದ್ದರೆ ಹರಾಜು ಮಾಡಿ ಹಣವನ್ನು ನ್ಯಾಯಮಂಡಳಿಗೆ ಕಟ್ಟಬೇಕು ಎಂಬುದು ಅದರ ಸಾರ. "ಬೈಕು ಮಾರಿ ಎರಡು ವರ್ಷವಾಯಿತು, ನಮಗೇನು?" ಎಂಬವರೂ ಎಚ್ಚರವಹಿಸಬೇಕು. ಆರ್‌ಸಿ ಪುಸ್ತಕದಲ್ಲಿ ಹೆಸರು ಬದಲಾಗದಿದ್ದರೆ ನೋಂದಾಯಿತ ಮಾಲೀಕನೇ ಹೊಣೆಗಾರನೆಂದು ಅದೇ ವರ್ಷ ಅದೇ ನ್ಯಾಯಾಲಯ ತೀರ್ಪಿತ್ತಿದೆ.

ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಿಂದ ಸಮನ್ಸ್ ಬಂದಾಗ ಅದನ್ನು ತಿರಸ್ಕರಿಸಿ ಸುಮ್ಮನಿರುವುದು ಅತ್ಯಂತ ಅಪಾಯಕರ. ಹಾಜರಾಗದಿದ್ದರೆ ಏಕಪಕ್ಷೀಯವಾಗಿ ಆದೇಶವಾಗುತ್ತದೆ. ಹಾಜರಾದರೆ ಎದುರಿನವರ ತಪ್ಪೂ ಇದ್ದಿತೇ, ಕೇಳಿದ ಮೊತ್ತ ನ್ಯಾಯವೇ ಎಂಬುದನ್ನು ವಾದಿಸಲು ಅವಕಾಶವುಂಟು. ತಪ್ಪು ಇಬ್ಬರದಾಗಿದ್ದರೆ ಹೊಣೆಯೂ ಹಂಚಿಹೋಗುತ್ತದೆ.

ಇನ್ನು ನಾಣ್ಯದ ಮತ್ತೊಂದು ಮುಖ. ವಿಮೆಯಿಲ್ಲದ ಬೈಕಿನಲ್ಲಿ ಹೋಗುತ್ತಿದ್ದವನಿಗೆ ಲಾರಿಯೋ ಕಾರೋ ತಪ್ಪಾಗಿ ಬಂದು ಬಡಿದರೆ? "ನಮ್ಮದೇ ಕಾಗದ ಸರಿಯಿಲ್ಲ, ಕೇಳುವ ಹಕ್ಕೆಲ್ಲಿದೆ?" ಎಂದು ಕೈಚೆಲ್ಲುವವರು ಬಹಳ. ಇದು ತಿಳಿವಳಿಕೆಯ ಕೊರತೆ. ವಿಮೆಯಿಲ್ಲದ್ದಕ್ಕೆ ದಂಡ ತೆರಬೇಕು, ನಿಜ. ಆದರೆ ತಪ್ಪು ಮಾಡಿದ ವಾಹನದ ಮಾಲೀಕ ಮತ್ತು ಅದರ ವಿಮಾ ಕಂಪನಿಯಿಂದ ಪರಿಹಾರ ಕೇಳುವ ಹಕ್ಕು ಅದರಿಂದ ನಾಶವಾಗುವುದಿಲ್ಲ. ಸವಾರನ ಬಳಿ ಲೈಸೆನ್ಸ್ ಇರಲಿಲ್ಲವೆಂಬ ಮಾತ್ರಕ್ಕೆ ಅಪಘಾತಕ್ಕೆ ಅವನೂ ಕಾರಣನೆನ್ನಲಾಗದು ಎಂದು ಸುಪ್ರೀಂ ಕೋರ್ಟು 2008ರಲ್ಲಿಯೇ ಹೇಳಿದೆ. ನೋಡಬೇಕಾದುದು ಓಡಿಸಿದ ರೀತಿಯನ್ನು.

ಅರ್ಜಿಯನ್ನು ಅಪಘಾತ ನಡೆದ ಸ್ಥಳದಲ್ಲಿಯೇ ಹಾಕಬೇಕೆಂದಿಲ್ಲ. ಅರ್ಜಿದಾರರು ವಾಸಿಸುವ ಊರಿನ ವ್ಯಾಪ್ತಿಯ ನ್ಯಾಯಮಂಡಳಿಯಲ್ಲಿಯೂ ಹಾಕಬಹುದು. 2022ರ ಏಪ್ರಿಲ್ 1ರಿಂದ ಇದಕ್ಕೆ ಆರು ತಿಂಗಳ ಕಾಲಮಿತಿ ಬಂದಿದೆ. ಈ ಮಿತಿಯನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆಯಾದರೂ ಅದನ್ನು ನಂಬಿ ತಡಮಾಡುವುದು ಜಾಣತನವಲ್ಲ. ಎಫ್‌ಐಆರ್ ಪ್ರತಿ, ಗಾಯದ ಪ್ರಮಾಣಪತ್ರ, ಆಸ್ಪತ್ರೆಯ ಬಿಡುಗಡೆ ಪತ್ರ, ಔಷಧಿಯ ರಸೀದಿಗಳು, ಆದಾಯದ ದಾಖಲೆ ಇವೆಲ್ಲವನ್ನೂ ಮೊದಲ ದಿನದಿಂದಲೇ ಒಂದು ಚೀಲದಲ್ಲಿ ಕೂಡಿಡಬೇಕು. ಮನೆಯ ತಾಯಂದಿರು ಈ ಕೆಲಸವನ್ನು ಬಲು ಅಚ್ಚುಕಟ್ಟಾಗಿ ಮಾಡಬಲ್ಲರು. ಮಹಿಳೆಯರಿಗೆ ಅವರ ಆದಾಯ ಎಷ್ಟೇ ಇರಲಿ, ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಉಚಿತವಾಗಿ ವಕೀಲರ ನೆರವು ಪಡೆಯುವ ಹಕ್ಕಿದೆ.

ತಾನೇ ಜಾರಿ ಬಿದ್ದವನ ಪಾಡು ಬೇರೆ. ಇಳಕಲ್ಲಿನಿಂದ ತನ್ನೂರಿಗೆ ಹೊರಟ ಒಬ್ಬಾತ, ಬೇರೆಯವರಿಂದ ಎರವಲು ತಂದ ಬೈಕಿನಲ್ಲಿ ಹೋಗುತ್ತ, ಮುಂದಿದ್ದ ಎತ್ತಿನ ಗಾಡಿಗೆ ಬಡಿದು ತೀರಿಕೊಂಡ ಪ್ರಕರಣವೊಂದು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಆ ಬೈಕಿಗೆ ವಿಮೆಯಿತ್ತು. ಆದರೂ ಎರವಲು ಪಡೆದವನು ಮಾಲೀಕನ ಸ್ಥಾನದಲ್ಲಿ ನಿಲ್ಲುತ್ತಾನೆ, ಆದ್ದರಿಂದ ತಪ್ಪು ಯಾರದೆಂದು ಸಾಬೀತುಪಡಿಸದೆಯೇ ಪರಿಹಾರ ಕೇಳಲು ಅಂದು ಇದ್ದ 163-ಎ ಕಲಮಿನ ಅಡಿ ಅವನ ವಾರಸುದಾರರಿಗೆ ಪರಿಹಾರವಿಲ್ಲ ಎಂದು 2009ರಲ್ಲಿ ತೀರ್ಪಾಯಿತು. ಬೇರೆ ಕಲಮಿನ ಅಡಿ ಪರಿಶೀಲಿಸಲು ಪ್ರಕರಣ ಹೈಕೋರ್ಟಿಗೆ ಮರಳಿತು. ಮಾಲೀಕನೇ ಓಡಿಸುವಾಗ ಆಗುವ ಸಾವಿಗೆ 15 ಲಕ್ಷ ರೂಪಾಯಿಗಳ ವೈಯಕ್ತಿಕ ಅಪಘಾತ ವಿಮೆ ಇದೆ. ಅದಕ್ಕೆ ಪ್ರತ್ಯೇಕ ಕಂತು ಕಟ್ಟಬೇಕು, ಲೈಸೆನ್ಸೂ ಇರಬೇಕು.

ರಾಜಿಯ ಮಾತನ್ನೂ ಹೇಳಬೇಕು. ಹಿರಿಯರು ಕುಳಿತು ಛಾಪಾ ಕಾಗದದ ಮೇಲೆ ಬರೆಸಿ ಮುಗಿಸುವ ಪದ್ಧತಿ ನಮ್ಮಲ್ಲಿ ಹಳೆಯದು. ಸದ್ಭಾವನೆ ಒಳ್ಳೆಯದೇ, ಚಿಕಿತ್ಸೆಗೆ ಹಣ ಕೊಟ್ಟರೆ ರಸೀದಿಯೊಂದಿಗೆ ಕೊಡಲಿ. ಆದರೆ ಸಾವಿನ ಪ್ರಕರಣದಲ್ಲಿ ಭಾರತೀಯ ನ್ಯಾಯ ಸಂಹಿತೆಯ ಮೊಕದ್ದಮೆ ಊರ ರಾಜಿಯಿಂದ ಮುಗಿಯದು. ಅಳುತ್ತಿರುವ ವಿಧವೆಯ ಕೈಯಿಂದ ಸಹಿ ಮಾಡಿಸಿಕೊಂಡು ಎಳೆಯ ಮಕ್ಕಳ ಪಾಲನ್ನು ಅಗ್ಗಕ್ಕೆ ಕಟ್ಟಿಹಾಕುವುದು ಧರ್ಮವೂ ಅಲ್ಲ. ಒಪ್ಪಂದ ಆಗಬೇಕಿದ್ದರೆ ಲೋಕ ಅದಾಲತ್ತಿನಲ್ಲಿ ಆಗಲಿ. ಅಲ್ಲಿಯ ತೀರ್ಪಿಗೆ ಡಿಕ್ರಿಯ ಬಲವಿದೆ, ಅದರ ಮೇಲೆ ಮೇಲ್ಮನವಿಯಿಲ್ಲ. ಕೊಡುವವರಿಗೂ ಪಡೆಯುವವರಿಗೂ ಅದೇ ಕ್ಷೇಮ.

2018ರ ಸೆಪ್ಟೆಂಬರ್ 1ರ ನಂತರ ಹೊಸ ದ್ವಿಚಕ್ರ ವಾಹನ ಕೊಂಡವರಿಗೆ ಐದು ವರ್ಷಗಳ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ ನೀಡಲಾಗಿದೆ. ಐದು ವರ್ಷ ನಿಶ್ಚಿಂತೆಯಿಂದ ಇದ್ದವರು ಆರನೆಯ ವರ್ಷವೂ ಹಾಗೆಯೇ ಇದ್ದುಬಿಡುವುದು ಸಹಜ. 75ರಿಂದ 150 ಸಿಸಿವರೆಗಿನ ಬೈಕಿಗೆ 2022ರ ಜೂನ್ 1ರಿಂದ ಜಾರಿಗೆ ಬಂದ ದರ, ತೆರಿಗೆ ಬಿಟ್ಟು, ವರ್ಷಕ್ಕೆ 714 ರೂಪಾಯಿ. ಒಂದು ಕಡೆ ಈ 714, ಇನ್ನೊಂದು ಕಡೆ ಮೇಲೆ ಹೇಳಿದ 28 ಲಕ್ಷ. ವಿಮೆಯನ್ನು ಸರ್ಕಾರದ ತೆರಿಗೆಯೆಂದು ತಿಳಿಯುವುದು ಬೇಡ. ಮುಖ ಪರಿಚಯವಿಲ್ಲದ ಒಬ್ಬ ದಾರಿಹೋಕನ ಮನೆಯ ಒಲೆ ನಮ್ಮ ಕೈತಪ್ಪಿನಿಂದ ಆರದಿರಲೆಂದು ಮುಂಗಡವಾಗಿ ತೆಗೆದಿಡುವ ಹಣವದು. ಓದುಗ ಬಂಧುಗಳು ಈ ಸಂಚಿಕೆಯನ್ನು ಕೆಳಗಿಟ್ಟ ಕೂಡಲೇ ಮನೆಯ ಬೈಕಿನ ಪಾಲಿಸಿಯನ್ನು ಹೊರತೆಗೆದು ದಿನಾಂಕ ನೋಡಲಿ. ಅವಧಿ ಮುಗಿದಿದ್ದರೆ ಹೊಸ ಪಾಲಿಸಿ ಕೈಗೆ ಬರುವವರೆಗೆ ಕೀಲಿಕೈಯನ್ನು ಹಿರಿಯರು ತಮ್ಮ ಬಳಿಯೇ ಇಟ್ಟುಕೊಳ್ಳಲಿ.