ನಾಣ್ಯ ನುಂಗಿ ನೀರು ಕೊಡುವ ಪೆಟ್ಟಿಗೆ

ಬಾಣಾವರ ಸೇರಿರುವ ಅರಸೀಕೆರೆ ತಾಲ್ಲೂಕಿನ ಹಲವೆಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಉಂಟು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು, ಮೂಳೆಗಳಿಗೆ ಕೇಡು. ಇಂಥ ಸೀಮೆಗೆ ಬಂದದ್ದೇ ಶುದ್ಧ ಕುಡಿಯುವ ನೀರಿನ ಘಟಕ. ಶೋಧಿಸಿದ ನೀರು ತೊಟ್ಟಿಯಲ್ಲಿರುತ್ತದೆ. ನಲ್ಲಿಯಡಿ ಕ್ಯಾನ್ ಇಟ್ಟು ನಾಣ್ಯ ಹಾಕಿದರೆ ಕವಾಟ ತೆರೆದು, ಗೊತ್ತಾದ ಅಳತೆ ಮುಗಿದೊಡನೆ ಮುಚ್ಚುತ್ತದೆ.

ಉಪಾಯ ಹೊಸದಲ್ಲ. ಕ್ರಿ.ಶ. 1ನೇ ಶತಮಾನದಲ್ಲೇ ಅಲೆಕ್ಸಾಂಡ್ರಿಯಾದ ಹೀರೋ ಎಂಬಾತ ದೇವಾಲಯದ ತೀರ್ಥಕ್ಕೆ ಇಂಥ ಪೆಟ್ಟಿಗೆಯನ್ನು ವಿವರಿಸಿದ್ದ. ನಾಣ್ಯದ ಭಾರಕ್ಕೆ ಸನ್ನೆ ಬಾಗಿ ಕವಾಟ ತೆರೆಯುತ್ತಿತ್ತು. ನಾಣ್ಯ ಜಾರಿ ಬಿದ್ದಾಗ ಮುಚ್ಚುತ್ತಿತ್ತು. ಕರೆಂಟಿನ ಹಂಗಿರಲಿಲ್ಲ!

ಇಂದಿನ ಯಂತ್ರ ನಾಣ್ಯದ ಅಸಲಿ ನಕಲಿಯನ್ನು ಬಲ್ಲದು, ನೀರಿನದ್ದನ್ನಲ್ಲ. ಶೋಧಕದ ಪೊರೆಯನ್ನು ಕಾಲಕಾಲಕ್ಕೆ ಬದಲಿಸದಿದ್ದರೆ ಫ್ಲೋರೈಡಿನ ನೀರನ್ನೇ ಲೆಕ್ಕ ತಪ್ಪದೆ ಅಳೆದು ಸುರಿಯುತ್ತದೆ.