ಹದಿನಾರು ಪೆನ್ಸೋ, ಹದಿನೆಂಟು ಪೆನ್ಸೋ?

ಹಾನಗಲ್ಲೆಂದರೆ ತಾರಕೇಶ್ವರನ ಗುಡಿ, ಶಿಗ್ಗಾವಿಯೆಂದರೆ ಕನಕದಾಸರ ಬಾಡ, ಸವಣೂರೆಂದರೆ ವೀಳ್ಯದೆಲೆ ಮತ್ತು ನವಾಬರು, ಹಿರೇಕೆರೂರೆಂದರೆ ಸರ್ವಜ್ಞನ ಸೀಮೆ. ಬಹುಮಂದಿಗೆ ಈ ಊರುಗಳಿಂದ ನೆನಪಾಗುವುದು ಇಷ್ಟೇ. ಲಂಡನ್ನಿನ ನಾಣ್ಯದ ಪೇಟೆಗೂ ಈ ನಾಲ್ಕು ಊರುಗಳಿಗೂ ನಂಟುಂಟೆಂದರೆ ಶ್ರೋತೃಗಳು ನಕ್ಕಾರು. ಆದರೆ ನಂಟು ಇದ್ದಿತು. ಅದು ಒಕ್ಕಲಿಗನ ಕಂದಾಯದ ರಸೀತಿಯವರೆಗೂ ಮುಟ್ಟಿದ್ದಿತು.

ಹಿಂದಿನ ಕಾಲದಲ್ಲಿ ಈ ಪ್ರಾಂತದಲ್ಲಿ ಬಗೆಬಗೆಯ ವರಹಗಳೂ ರೂಪಾಯಿಗಳೂ ಒಟ್ಟಿಗೆ ಓಡಾಡುತ್ತಿದ್ದುವು. ಚಿನಿವಾರನು ನಾಣ್ಯವನ್ನು ತೂಗಿ, ಒರೆಗೆ ಹಚ್ಚಿ, ವಟ್ಟ ಹಿಡಿದು ಬದಲಾಯಿಸಿ ಕೊಡುತ್ತಿದ್ದನು. 1835ರಲ್ಲಿ ಕಂಪೆನಿಯವರು 180 ಗ್ರೇನ್ ತೂಕದ ಒಂದೇ ಬಗೆಯ ಬೆಳ್ಳಿ ರೂಪಾಯಿಯನ್ನು ಗೊತ್ತುಮಾಡಿದರು. ಅಲ್ಲಿಂದ ಮುಂದೆ ಊರ ಚಿನಿವಾರನ ಪ್ರಾಬಲ್ಯ ಕುಗ್ಗಿತು. ಪೂರ್ವಕ್ಕೆ ಕೊಪ್ಪಳದತ್ತ ನಿಜಾಮರ ರಾಜ್ಯಕ್ಕೆ ಹೋದವನು ಮಾತ್ರ ಹಾಲಿ ಸಿಕ್ಕಾ ರೂಪಾಯಿಯ ಲೆಕ್ಕ ಬಲ್ಲವನಾಗಿರಬೇಕಾಗಿತ್ತು. ಅಲ್ಲಿನ ಏಳು ಇಲ್ಲಿನ ಆರಕ್ಕೆ ಸಮವೆಂಬುದು ಕೊನೆಗೆ ನಿಂತ ದರ. ಬ್ರಿಟಿಷ್ ತಾಲ್ಲೂಕುಗಳ ನಡುವೆ ಸಿಕ್ಕಿಕೊಂಡಿದ್ದ ಸವಣೂರು 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರುವವರೆಗೂ ನವಾಬರ ಸಂಸ್ಥಾನವಾಗಿಯೇ ಉಳಿಯಿತು.

ಇನ್ನು ರೂಪಾಯಿ ಮತ್ತು ಪೌಂಡುಗಳ ಕಥೆ. ಪೌಂಡೊಂದಕ್ಕೆ ಇಪ್ಪತ್ತು ಷಿಲ್ಲಿಂಗು, ಷಿಲ್ಲಿಂಗಿಗೆ ಹನ್ನೆರಡು ಪೆನ್ಸು. ಈ ಲೆಕ್ಕವನ್ನು ನೆನಪಿನಲ್ಲಿಟ್ಟರೆ ಸಾಕು. ರೂಪಾಯಿ ಬೆಳ್ಳಿಯದು, ಪೌಂಡು ಚಿನ್ನದ್ದು. 1870ರ ಸುಮಾರಿಗೆ ರೂಪಾಯಿ ಹೆಚ್ಚುಕಡಿಮೆ ಎರಡು ಷಿಲ್ಲಿಂಗು ಬಾಳುತ್ತಿತ್ತು. ಆಮೇಲೆ ಯೂರೋಪಿನ ದೇಶಗಳು ಒಂದೊಂದಾಗಿ ಬೆಳ್ಳಿಯನ್ನು ಕೈಬಿಟ್ಟುವು. ಬೆಳ್ಳಿ ಇಳಿಯಿತು, ಅದರೊಡನೆ ರೂಪಾಯಿಯೂ ಇಳಿಯಿತು. ಲಂಡನ್ನಿಗೆ ವರ್ಷವರ್ಷವೂ ಪೌಂಡುಗಳಲ್ಲಿ ಹಣ ಸಲ್ಲಿಸಬೇಕಾಗಿದ್ದ ಸರ್ಕಾರಕ್ಕೆ ಇದರಿಂದ ಉಸಿರು ಕಟ್ಟಿತು. 1893ರಲ್ಲಿ, ಯಾರಾದರೂ ಬೆಳ್ಳಿಯನ್ನು ತಂದು ರೂಪಾಯಿ ಮಾಡಿಸಿಕೊಂಡು ಹೋಗಬಹುದೆಂಬ ಪದ್ಧತಿಯನ್ನು ನಿಲ್ಲಿಸಿದರು. 1899ರಲ್ಲಿ ಪೌಂಡಿಗೆ 15 ರೂಪಾಯಿ, ಎಂದರೆ ರೂಪಾಯಿಗೆ 16 ಪೆನ್ಸು, ಎಂದು ಗೊತ್ತಾಯಿತು.

ಮೊದಲನೆಯ ಮಹಾಯುದ್ಧದ ತನಕ ಈ ದರ ಅಲುಗಲಿಲ್ಲ. ಯುದ್ಧದಲ್ಲಿ ಬೆಳ್ಳಿ ಏರಿತು. 1920ರಲ್ಲಿ ಸರ್ಕಾರದವರು ರೂಪಾಯಿಗೆ ಎರಡು ಷಿಲ್ಲಿಂಗಿನ ಚಿನ್ನದ ಬೆಲೆಯೆಂದು ಸಾರಿದರು. ಮರುವರ್ಷವೇ ಅದು ಹದಿನಾರು ಪೆನ್ಸಿಗಿಂತಲೂ ಕೆಳಗೆ ಜಾರಿತು. ಕಾಗದದ ಮೇಲೆ ಬರೆದ ಬೆಲೆಗೆ ಪೇಟೆ ತಲೆಬಾಗುವುದಿಲ್ಲವೆಂದು ವಿದ್ಯಾರ್ಥಿಗಳಿಗೆ ತಿಳಿಸಬೇಕಾದಾಗ ನಾನು ಕೊಡುವ ಉದಾಹರಣೆ ಇದೇ. ಕಡೆಗೆ ಹಿಲ್ಟನ್ ಯಂಗ್ ಆಯೋಗ 1926ರಲ್ಲಿ 18 ಪೆನ್ಸಿನ ದರವನ್ನು ಶಿಫಾರಸು ಮಾಡಿತು. ಆಯೋಗದ ಸದಸ್ಯರಲ್ಲಿ ಸರ್ ಪುರುಷೋತ್ತಮದಾಸ ಠಾಕೂರದಾಸರು ಮಾತ್ರ 16 ಪೆನ್ಸೇ ಇರಲೆಂದು ಭಿನ್ನಮತ ಬರೆದರು. 1927ರಲ್ಲಿ 18 ಪೆನ್ಸೇ ಕಾಯಿದೆಯಾಯಿತು.

ಎರಡು ಪೆನ್ಸಿಗಾಗಿ ಇಷ್ಟು ರಂಪವೇಕೆಂದು ಕೇಳಬಹುದು. ಉತ್ತರವಿರುವುದು ಹತ್ತಿಯ ಹೊಲದಲ್ಲಿ. ಆಗಿನ ದಫ್ತರಗಳಲ್ಲಿ ಶಿಗ್ಗಾವಿ ಬಂಕಾಪುರ ತಾಲ್ಲೂಕಿನ ಕಸಬೆ, ಹಿರೇಕೆರೂರು ಕೋಡ ತಾಲ್ಲೂಕಿನದು. ಧಾರವಾಡ ಜಿಲ್ಲೆಯ ಹತ್ತಿ, ರೈಲು ಬರುವ ಮುನ್ನ, ಘಟ್ಟವಿಳಿದು ಕುಮಟೆಯ ಬಂದರಿಗೆ ಹೋಗುತ್ತಿತ್ತು. ಒಂದು ಜಾತಿಯ ಹತ್ತಿಗೆ ಕುಮಟಾ ಎಂಬ ಹೆಸರೇ ನಿಂತಿತು. ಎಲ್ಲ ಹತ್ತಿಯೂ ಸಮುದ್ರ ದಾಟುತ್ತಿರಲಿಲ್ಲ, ಮುಂಬಯಿಯ ಗಿರಣಿಗಳೂ ಕೊಳ್ಳುತ್ತಿದ್ದುವು. ಆದರೆ ಮುಂಬಯಿಯವನು ಬೆಲೆ ಕಟ್ಟುತ್ತಿದ್ದುದು ಲಿವರ್‌ಪೂಲು, ನ್ಯೂಯಾರ್ಕುಗಳ ತಂತಿಯನ್ನು ನೋಡಿಕೊಂಡು.

ಹತ್ತು ಪೌಂಡು ಬೆಲೆಬಾಳುವ ಹತ್ತಿ ಒಬ್ಬ ಒಕ್ಕಲಿಗನಲ್ಲಿದೆಯೆಂದು ಊಹಿಸಿರಿ. ಸಾಗಾಣಿಕೆ, ದಲ್ಲಾಳಿಯ ಅಡತಿ ಮೊದಲಾದುವನ್ನು ಬಿಟ್ಟುಬಿಡೋಣ. ಹದಿನಾರು ಪೆನ್ಸಿನ ದರದಲ್ಲಿ ಅವನಿಗೆ ಬರುವುದು 150 ರೂಪಾಯಿ. ಹದಿನೆಂಟರ ದರದಲ್ಲಿ 133 ರೂಪಾಯಿ 5 ಆಣೆ 4 ಪೈ. ಹತ್ತಿ ಅದೇ, ಲಿವರ್‌ಪೂಲಿನ ಬೆಲೆಯೂ ಅದೇ. ಹದಿನಾರು ರೂಪಾಯಿಗೂ ಮೇಲೆ ಕೈಬಿಟ್ಟಿತು. ಕಂದಾಯವೋ, ಸರ್ವೆಯಲ್ಲಿ ರೂಪಾಯಿಗಳಲ್ಲೇ ಗೊತ್ತಾಗಿ ಮೂವತ್ತು ವರ್ಷ ಕದಲದಂಥದು. ಸಾಹುಕಾರನ ಬಡ್ಡಿಯೂ ರೂಪಾಯಿಯದೇ. ಎಂಟು ಹೇರು ಹತ್ತಿ ಮಾರಿ ತೀರಿಸುತ್ತಿದ್ದ ಕಂದಾಯಕ್ಕೆ ಈಗ ಒಂಬತ್ತು ಹೇರು ಬೇಕು. ಕಂದಾಯವನ್ನು ಒಂದು ಪೈಯೂ ಏರಿಸದೆ ರೂಪಾಯಿಗೆ ಎರಡಾಣೆ ಭಾರ ಹೆಚ್ಚಿಸಿದಂತಾಯಿತು.

ಸರ್ಕಾರದ ಪಕ್ಷಕ್ಕೂ ವಾದವಿತ್ತು: ದೇಶದ ಬೆಲೆಗಳು ಆಗಲೇ ಹದಿನೆಂಟಕ್ಕೆ ಹೊಂದಿಕೊಂಡಿವೆ, ಹಿಂದಕ್ಕೆ ಹೋದರೆ ಸಂಬಳಗಾರನಿಗೆ ಎಲ್ಲವೂ ತುಟ್ಟಿಯಾಗುವುದು ಎಂದು. ಪಟ್ಟಣದ ನಮ್ಮಂಥವರಿಗೆ ಪರದೇಶದ ಅರಿವೆ, ಯಂತ್ರಗಳು ಅಗ್ಗವಾದುದು ಸುಳ್ಳಲ್ಲ. ಆದರೆ 1929ರ ತರುವಾಯ ಹತ್ತಿಯ ಬೆಲೆ ಲೋಕದಲ್ಲೆಲ್ಲ ಕುಸಿದಾಗ ಆ ಸಮಾಧಾನ ಹಳ್ಳಿಗೆ ಒದಗಲಿಲ್ಲ. 1930ರ ಜನವರಿಯಲ್ಲಿ ಗಾಂಧೀಜಿಯವರು ವೈಸರಾಯರ ಮುಂದಿಟ್ಟ ಹನ್ನೊಂದು ಬೇಡಿಕೆಗಳಲ್ಲಿ ಉಪ್ಪಿನ ಕರದ ರದ್ದಿನೊಡನೆ ಎರಡು ಮಾತುಗಳಿದ್ದುವು: ವಿನಿಮಯ ದರ ಹದಿನಾರು ಪೆನ್ಸಿಗಿಳಿಯಲಿ, ಭೂಕಂದಾಯ ಅರ್ಧವಾಗಲಿ. ಇವೆರಡನ್ನು ಬೇರೆಬೇರೆಯಾಗಿ ಓದುವವರು ಅವುಗಳ ಒಳನಂಟನ್ನು ಕಾಣರೆಂದು ನನ್ನ ಎಣಿಕೆ. ಆ ಕಾಯಿದೆಭಂಗದ ಕಾಲದಲ್ಲಿ ಅಂಕೋಲೆ, ಸಿದ್ದಾಪುರಗಳಂತೆ ಹಿರೇಕೆರೂರು ತಾಲ್ಲೂಕೂ ಕರನಿರಾಕರಣೆಗೆ ಇಳಿಯಿತು.

1931ರ ಸೆಪ್ಟೆಂಬರಿನಲ್ಲಿ ಪೌಂಡೇ ಚಿನ್ನವನ್ನು ಬಿಟ್ಟಿತು. ರೂಪಾಯಿ ಹದಿನೆಂಟು ಪೆನ್ಸಿನ ಹಗ್ಗದಲ್ಲಿ ಪೌಂಡಿನ ಹಿಂದೆಯೇ ನಡೆಯಿತು. ಚಿನ್ನಕ್ಕೆ ಬೆಲೆ ಬಂದಿತು, ಬೆಳೆಗೆ ಬರಲಿಲ್ಲ. ದೇಶದ ಹಳ್ಳಿಗಳಿಂದ ಒಡವೆಗಳು ಕರಗಿ ಹಡಗು ಹತ್ತಿದುವು. 1935ರಲ್ಲಿ ರಿಸರ್ವ್ ಬ್ಯಾಂಕು ಬಂದಾಗಲೂ ದರ ಅದೇ. 1949ರಲ್ಲಿ ಪೌಂಡು ಡಾಲರಿನೆದುರು ಬಾಗಿದಾಗ ರೂಪಾಯಿಯೂ ಅಷ್ಟೇ ಬಾಗಿ, ಡಾಲರಿಗೆ 4 ರೂಪಾಯಿ 12 ಆಣೆಯ ಆಸುಪಾಸಿಗೆ ಬಂದಿತು. ಆಣೆ ಪೈಗಳು ಹೋಗಿ 1957ರಲ್ಲಿ ನಯಾಪೈಸೆ ಬಂದರೂ ಪೌಂಡಿಗೆ ಹದಿಮೂರು ರೂಪಾಯಿ ಮೂವತ್ತಮೂರು ಪೈಸೆಯೆಂಬ ಲೆಕ್ಕ ನಿಂತಿತ್ತು. 1966ರ ಜೂನಿನ ಅಪಮೌಲ್ಯದಲ್ಲಿ ಡಾಲರು ಏಳೂವರೆ ರೂಪಾಯಿಯಾಯಿತು, ಪೌಂಡು 21 ಆಯಿತು. ಪರಕೀಯರು ವಿಧಿಸಿದ ಆ ಹದಿನೆಂಟು ಪೆನ್ಸು, ಅವರು ಹೋದಮೇಲೂ ಹತ್ತೊಂಬತ್ತು ವರ್ಷ ಬಾಳಿತ್ತು. ಪೌಂಡಿನ ಹಗ್ಗವೇ ಕಳಚಿದ್ದು 1975ರ ಸೆಪ್ಟೆಂಬರಿನಲ್ಲಿ.